ಊರ ಕೆರೆ: ನಮ್ಮ ಕೈಯಲ್ಲಿರುವ ಅಮಾನತ್ತು

ಕರಾವಳಿಯ ಹಳೆಯ ಮಸೀದಿಗಳಲ್ಲಿ ಹಲವನ್ನು ನೀರು ಇರುವ ಜಾಗ ನೋಡಿಯೇ ಕಟ್ಟಿದ್ದಾರೆ. ಮಸೀದಿಯ ಪಕ್ಕದಲ್ಲೊಂದು ಕೆರೆ, ಇಲ್ಲವೇ ಬಾವಿ, ಒಳಗೆ ವುಝೂ ಮಾಡಲು ಹೌಝ್. ಕೆರೆ ಇದ್ದ ಊರಿನಲ್ಲಿ ಮಕ್ಕಳು ಅಲ್ಲಿಯೇ ಈಜು ಕಲಿತರು, ಹೆಂಗಸರು ಬಟ್ಟೆ ಒಗೆದರು, ಪ್ರಯಾಣಿಕರು ಕೈಕಾಲು ತೊಳೆದರು. ಮನೆಮನೆಗೆ ನಳ್ಳಿ ಬಂತು, ಬೋರ್‌ವೆಲ್ ಬಂತು. ಕೆರೆ ನಿಧಾನವಾಗಿ ಊರಿನ ಹಿತ್ತಲಾಯಿತು. ಒಂದು ಕಡೆಯಿಂದ ಚರಂಡಿ, ಇನ್ನೊಂದು ಕಡೆಯಿಂದ ಪ್ಲಾಸ್ಟಿಕ್, ಮೇಲೆ ಹಸಿರು ಪಾಚಿ. ಹೀಗೆ ಕೆರೆಯನ್ನು ಕಳೆದುಕೊಂಡ ಊರುಗಳು ಒಂದೆರಡಲ್ಲ.

ನಾವು ಕೆರೆಯನ್ನು ಬಿಟ್ಟರೂ ಕೆರೆ ನಮ್ಮನ್ನು ಬಿಡುವುದಿಲ್ಲ. ಅದರ ನೀರು ಮಣ್ಣಿನೊಳಗೆ ಇಳಿದು ಸುತ್ತಲಿನ ಬಾವಿಗಳಿಗೆ ಬರುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಸಣ್ಣ ಸಣ್ಣ ತೂತುಗಳೂ ಬಿರುಕುಗಳೂ ಬಹಳ. ನೀರು ಅದರಲ್ಲಿ ವೇಗವಾಗಿ ಹರಿಯುತ್ತದೆ, ಸೋಸುವುದು ಕಡಿಮೆ. ಕೆರೆ ತುಂಬಿದರೆ ಬಾವಿ ತುಂಬುತ್ತದೆ ಎಂಬುದು ಹಿರಿಯರಿಗೆ ತಿಳಿದಿದ್ದ ವಿಷಯ. ಕೆರೆ ಕೆಟ್ಟರೆ ಬಾವಿಯೂ ಕೆಡುತ್ತದೆ ಎಂಬುದು ಅದರ ಇನ್ನೊಂದು ಮುಖ. ಆದ್ದರಿಂದ ಕೆರೆಯ ಆರೋಗ್ಯ ಬರೀ ಪರಿಸರಪ್ರೇಮಿಗಳ ವಿಷಯವಲ್ಲ. ಮನೆಯ ಮಕ್ಕಳ ವಾಂತಿಭೇದಿ, ಕಾಮಾಲೆ, ಜ್ವರಗಳ ವಿಷಯವೂ ಹೌದು.

ನಿಂತ ನೀರಿನ ನಿಯಮ

ಸೂಕ್ಷ್ಮಾಣುಗಳ ಬಗ್ಗೆ ಜಗತ್ತಿಗೆ ಏನೂ ತಿಳಿಯದಿದ್ದ ಕಾಲದಲ್ಲಿಯೇ ಪ್ರವಾದಿ(ಸ)ರು ನಿಂತ ನೀರಿನ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಕೊಟ್ಟರು. ಹರಿಯದೆ ನಿಂತಿರುವ ನೀರಿನಲ್ಲಿ ಮೂತ್ರ ಮಾಡುವುದನ್ನು ಅವರು ತಡೆದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇದೆ. ನೀರಿನ ದಡ, ಜನ ನಡೆಯುವ ದಾರಿ ಮತ್ತು ನೆರಳಿನ ಜಾಗಗಳಲ್ಲಿ ಮಲವಿಸರ್ಜನೆ ಮಾಡುವುದು ಜನರ ಶಾಪಕ್ಕೆ ಕಾರಣವಾಗುವ ಕೆಲಸ ಎಂದೂ ಎಚ್ಚರಿಸಿದ್ದಾರೆ.

ಇನ್ನೊಂದು ಹದೀಸ್ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ದೊಡ್ಡ ಅಶುದ್ಧಿಯಲ್ಲಿರುವವರು ನಿಂತ ನೀರಿನೊಳಗೆ ಇಳಿದು ಸ್ನಾನ ಮಾಡಬಾರದು ಎಂಬ ಪ್ರವಾದಿ(ಸ)ರ ಮಾತನ್ನು ಅಬೂಹುರೈರಾ(ರ) ವರದಿ ಮಾಡಿದಾಗ, ಹಾಗಾದರೆ ಹೇಗೆ ಮಾಡಬೇಕು ಎಂದು ಕೇಳಿದರು. ನೀರನ್ನು ಹೊರಗೆ ತೆಗೆದುಕೊಂಡು ಸ್ನಾನ ಮಾಡಬೇಕು ಎಂದು ಅವರು ಉತ್ತರಿಸಿದರು. ಇದು ಮುಸ್ಲಿಮ್ ಗ್ರಂಥದಲ್ಲಿದೆ.

ಕೆರೆಯ ಆರೋಗ್ಯದ ಬಗ್ಗೆ ಇಂದಿನ ವಿಜ್ಞಾನ ಹೇಳುವ ಮಾತಿನ ಸಾರವೂ ಇದೇ. ನೀರು ಕೆರೆಯಿಂದ ಹೊರಗೆ ಬರಲಿ, ನಾವು ಬಳಸಿದ ನೀರು ಮರಳಿ ಕೆರೆಗೆ ಹೋಗದಿರಲಿ. ಈ ಒಂದು ನಿಯಮವನ್ನು ಒಂದು ಊರು ಪಾಲಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದ ಹಾಗೆ.

ಶುದ್ಧಿ ಬೇರೆ, ರೋಗಾಣು ಇಲ್ಲದಿರುವುದು ಬೇರೆ

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. "ಇಷ್ಟು ದೊಡ್ಡ ಕೆರೆಯ ನೀರು ನಜಸ್ ಆಗುವುದಿಲ್ಲ, ಆದ್ದರಿಂದ ತೊಂದರೆ ಇಲ್ಲ" ಎಂದು ಹಲವರು ಹೇಳುತ್ತಾರೆ. ಶಾಫಿಈ ಮದ್ಹಬ್‌ನಲ್ಲಿ ಎರಡು ಖುಲ್ಲತ್ತಿಗಿಂತ, ಅಂದರೆ ಸುಮಾರು 200 ಲೀಟರಿಗಿಂತ, ಹೆಚ್ಚಿರುವ ನೀರಿಗೆ ನಜಸ್ ಬಿದ್ದರೂ ಬಣ್ಣ, ರುಚಿ ಅಥವಾ ವಾಸನೆ ಬದಲಾಗದಿದ್ದರೆ ಅದು ಅಶುದ್ಧವಾಗುವುದಿಲ್ಲ. ಹನಫೀ ಮದ್ಹಬ್‌ನಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವನ್ನು ದೊಡ್ಡ ನೀರು ಎಂದು ಎಣಿಸುವ ರೂಢಿ ಇದೆ.

ಈ ನಿಯಮಗಳು ಆರಾಧನೆ ಸುಲಭವಾಗಲಿ ಎಂದು ಇರುವಂಥವು. ವುಝೂ ಸಿಂಧುವೇ ಅಲ್ಲವೇ ಎಂಬ ಪ್ರಶ್ನೆಗೆ ಅವು ಉತ್ತರ ಕೊಡುತ್ತವೆ. ಆ ನೀರು ಕುಡಿದರೆ ಮಗುವಿಗೆ ಟೈಫಾಯಿಡ್ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕಣ್ಣಿಗೆ ತಿಳಿಯಾಗಿ ಕಾಣುವ, ವಾಸನೆ ಇಲ್ಲದ, ರುಚಿ ಕೆಡದ ನೀರಿನಲ್ಲಿ ಲಕ್ಷಾಂತರ ರೋಗಾಣುಗಳು ಇರಬಹುದು. ವುಝೂಗೆ ಯೋಗ್ಯವಾದ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ತನಗೂ ಹಾನಿ ಮಾಡಿಕೊಳ್ಳಬಾರದು, ಇತರರಿಗೂ ಹಾನಿ ಮಾಡಬಾರದು ಎಂಬುದು ಶರೀಅತ್ತಿನ ಮೂಲ ನಿಯಮಗಳಲ್ಲೊಂದು. ಈ ಎರಡನೆಯ ಪ್ರಶ್ನೆಯನ್ನು ಆ ನಿಯಮದ ಬೆಳಕಿನಲ್ಲಿ ನೋಡಬೇಕು.

ಕೆರೆ ಕೆಡುವುದು ಹೇಗೆ?

ಕೆರೆ ತಾನಾಗಿ ಕೊಳೆಯಾಗುವುದು ಬಹಳ ನಿಧಾನ. ಅದನ್ನು ಬೇಗ ಕೆಡಿಸುವುದು ಹೊರಗಿನಿಂದ ಬರುವ ಗೊಬ್ಬರ. ಗೊಬ್ಬರ ಎಂದರೆ ತೋಟಕ್ಕೆ ಹಾಕುವ ಯೂರಿಯಾ ಮಾತ್ರವಲ್ಲ. ಸೋಪಿನ ಪುಡಿ, ಬಚ್ಚಲ ನೀರು, ಶೌಚದ ಗುಂಡಿಯಿಂದ ಒಸರುವ ನೀರು, ದನದ ಸಗಣಿ, ಕೋಳಿ ಅಂಗಡಿಯ ರಕ್ತ, ಮದುವೆಯಲ್ಲಿ ಉಳಿದ ಬಿರಿಯಾನಿ, ಎಲ್ಲವೂ ಕೆರೆಯ ಪಾಲಿಗೆ ಗೊಬ್ಬರವೇ. ಇವುಗಳಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಆಹಾರ. ಒಂದು ಕಿಲೋ ರಂಜಕ ನೂರಾರು ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದು.

ಪಾಚಿ ಹೆಚ್ಚಾದಾಗ ನೀರು ದಟ್ಟ ಹಸಿರಾಗುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುತ್ತದೆ. ಸುಬ್ಹ್ ನಮಾಝಿನ ಹೊತ್ತಿಗೆ ಕೆರೆಯ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದರೆ ಕೆರೆಗೆ ಉಸಿರು ಕಟ್ಟುತ್ತಿದೆ ಎಂದು ತಿಳಿಯಬೇಕು. ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಉಳಿದ ಆಮ್ಲಜನಕವೂ ಖಾಲಿಯಾಗುತ್ತದೆ. ಆಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಮೀನುಗಳು ಸಾಯುತ್ತವೆ. ಸೊಳ್ಳೆಮರಿ ತಿನ್ನುವ ಮೀನೂ ಕಪ್ಪೆಯೂ ಹೋದ ಮೇಲೆ ಉಳಿಯುವುದು ಸೊಳ್ಳೆ ಮಾತ್ರ.

ನೀಲಿ ಹಸಿರು ಪಾಚಿಯ ಕೆಲವು ಜಾತಿಗಳು ವಿಷ ಬಿಡುತ್ತವೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪದರ ಕಟ್ಟಿದ್ದರೆ ಮಕ್ಕಳನ್ನೂ ದನಕರುಗಳನ್ನೂ ಆ ನೀರಿಗೆ ಬಿಡಬಾರದು. ಆ ವಿಷ ಕುದಿಸಿದರೂ ಹೋಗುವುದಿಲ್ಲ.

ದಕ್ಷಿಣ ಅಮೆರಿಕದಿಂದ ಬಂದ, ನೇರಳೆ ಹೂ ಬಿಡುವ ಅಂತರಗಂಗೆ ಇದೇ ಗೊಬ್ಬರ ತಿಂದು ಬೆಳೆಯುತ್ತದೆ. ಅನುಕೂಲವಾದ ನೀರಿನಲ್ಲಿ ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಮಾನ್ಸೋನಿಯಾ ಸೊಳ್ಳೆಯ ಮರಿಗಳು ಇಂಥ ನೀರುಗಿಡಗಳ ಬೇರಿಗೆ ಅಂಟಿಕೊಂಡೇ ಉಸಿರಾಡುತ್ತವೆ.

ಈ ಸ್ಥಿತಿ ಮುಂದುವರಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆ ಸಾಕ್ಷಿ. ನಗರದ ಕೊಳಚೆಯೂ ಸೋಪಿನ ನೀರೂ ಸೇರಿ ಅಲ್ಲಿ ನೊರೆ ರಸ್ತೆಗೆ ಹಾರಿತು. 2015, 2017 ಮತ್ತು 2018ರಲ್ಲಿ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಿತು. ನಮ್ಮ ಊರಿನ ಸಣ್ಣ ಕೆರೆಗೆ ಬೆಂಕಿ ಹತ್ತಲಿಕ್ಕಿಲ್ಲ. ಆದರೆ ರೋಗದ ದಾರಿ ಅದೇ.

ಕೆಟ್ಟ ಕೆರೆಯಿಂದ ಬರುವ ಕಾಯಿಲೆಗಳು

ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುವ ಕಾಯಿಲೆಗಳು ಮೊದಲನೆಯ ಗುಂಪು. ವಾಂತಿಭೇದಿ, ಆಮಶಂಕೆ, ಟೈಫಾಯಿಡ್, ಹೆಪಟೈಟಿಸ್ ಎ ಕಾಮಾಲೆ ಇವೆಲ್ಲ ಇದರಲ್ಲಿ ಬರುತ್ತವೆ. ಈಜುವಾಗ ಮಕ್ಕಳು ನೀರು ನುಂಗುತ್ತಾರೆ. ಬಾಯಿ ಮುಕ್ಕಳಿಸುವಾಗಲೂ ಸ್ವಲ್ಪ ಒಳಗೆ ಹೋಗುತ್ತದೆ. ಹತ್ತಿರದ ಬಾವಿಯ ನೀರನ್ನು ಕುದಿಸದೆ ಕುಡಿದರೆ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಇಲಿ ಜ್ವರ. ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರಿದ ರೋಗಾಣು ಕಾಲಿನ ಒಡಕು, ತರಚು ಗಾಯ, ಕಣ್ಣು ಮತ್ತು ಬಾಯಿಯ ಮೂಲಕ ದೇಹಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಇದು ಹೊಸದಲ್ಲ. ಜ್ವರದೊಂದಿಗೆ ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು ಇದ್ದರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು. ಕಾಲಿನಲ್ಲಿ ಗಾಯ ಇರುವವರು ಕೆರೆಗೆ ಇಳಿಯಬಾರದು.

ಮೂರನೆಯದು ಚರ್ಮ, ಕಣ್ಣು ಮತ್ತು ಕಿವಿಯ ತೊಂದರೆಗಳು. ತುರಿಕೆ, ಕಣ್ಣು ಬೇನೆ, ಕಿವಿ ಸೋರುವುದು ಸಣ್ಣವೆಂದು ಕಂಡರೂ ಮಕ್ಕಳನ್ನು ವಾರಗಟ್ಟಲೆ ಕಾಡುತ್ತವೆ.

ಮೂಗಿಗೆ ಹೋಗುವ ನೀರು

ನೆರೆಯ ಕೇರಳದಲ್ಲಿ 2024ರಲ್ಲಿ ಮಿದುಳು ತಿನ್ನುವ ಅಮೀಬಾ ಎಂದು ಕರೆಯುವ ಸೋಂಕಿನಿಂದ ಮಕ್ಕಳು ತೀರಿಕೊಂಡ ಸುದ್ದಿ ಎಲ್ಲರೂ ಓದಿದ್ದೇವೆ. ಕೆರೆ, ಹೊಳೆಗಳಲ್ಲಿ ಸ್ನಾನ ಮಾಡಿದ ಮಕ್ಕಳೂ ಅವರಲ್ಲಿದ್ದರು. 2025ರಲ್ಲಿ ಅಲ್ಲಿ ಇನ್ನಷ್ಟು ಪ್ರಕರಣಗಳು ಕಾಣಿಸಿಕೊಂಡವು. ನೆಗ್ಲೇರಿಯಾ ಎಂಬ ಈ ಅಮೀಬಾ ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ, ಕೆಸರಿನಲ್ಲಿ ಬೆಳೆಯುತ್ತದೆ. ಕುಡಿದರೆ ಇದು ಹರಡುವುದಿಲ್ಲ. ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ನೀರು ಮೂಗಿನ ಮೇಲ್ಭಾಗಕ್ಕೆ ನುಗ್ಗಿದಾಗ ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಸೋಂಕು ಬಹಳ ಅಪರೂಪ, ಆದರೆ ತಗಲಿದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಬದುಕುವುದಿಲ್ಲ.

ನಾವು ದಿನಕ್ಕೆ ಐದು ಬಾರಿ ವುಝೂವಿನಲ್ಲಿ ಮೂಗಿಗೆ ನೀರು ಹಾಕುವವರು. ಆದ್ದರಿಂದ ಈ ಮಾಹಿತಿ ನಮಗೆ ಇತರರಿಗಿಂತ ಹೆಚ್ಚು ಬೇಕು. ಪಾಕಿಸ್ತಾನದ ಕರಾಚಿಯಲ್ಲಿ 2008 ಮತ್ತು 2009ರಲ್ಲಿ ಪತ್ತೆಯಾದ ರೋಗಿಗಳಲ್ಲಿ ಹೆಚ್ಚಿನವರು ಈಜಲು ಹೋಗಿರಲೇ ಇಲ್ಲ. ಕ್ಲೋರಿನ್ ಇಲ್ಲದ ನೀರನ್ನು ವುಝೂವಿನಲ್ಲಿ ಮೂಗಿಗೆ ಎಳೆದುಕೊಂಡದ್ದು ಕಾರಣವಿರಬಹುದೆಂದು ವೈದ್ಯರು ಶಂಕಿಸಿದರು.

ಇದಕ್ಕೆ ಹೆದರಿ ಸುನ್ನತ್ತನ್ನು ಬಿಡಬೇಕಾಗಿಲ್ಲ. ನೀರನ್ನು ಬಲವಾಗಿ ಒಳಗೆ ಎಳೆಯುವುದೇ ಅಪಾಯದ ಅಂಶ. ಉಪವಾಸ ಇರುವವರು ಮೂಗಿಗೆ ನೀರನ್ನು ಬಲವಾಗಿ ಎಳೆಯಬಾರದು ಎಂಬ ವಿನಾಯಿತಿ ಹದೀಸಿನಲ್ಲೇ ಇದೆ. ನೀರಿನ ಬಗ್ಗೆ ಸಂಶಯ ಇರುವ ಕಡೆ ಮೂಗಿನ ತುದಿಯನ್ನು ಮೆಲ್ಲಗೆ ತೊಳೆಯುವ ಬಗ್ಗೆ ನಿಮ್ಮ ಖತೀಬರಲ್ಲಿ ಕೇಳಿ ತಿಳಿಯಿರಿ. ಕೆರೆಯಿಂದ ನೇರವಾಗಿ ಮೂಗಿಗೆ ನೀರು ಹಾಕುವುದರ ಬದಲು ಕ್ಲೋರಿನ್ ಹಾಕಿದ ಅಥವಾ ಕುದಿಸಿ ಆರಿಸಿದ ನೀರನ್ನು ಬಳಸಿ. ಬೇಸಿಗೆಯಲ್ಲಿ ನೀರು ತಗ್ಗಿ ಬೆಚ್ಚಗಾಗಿರುವಾಗ ಮಕ್ಕಳು ಕೆರೆಗೆ ಧುಮುಕುವುದನ್ನೂ ತಳದ ಕೆಸರು ಕದಡುವುದನ್ನೂ ತಡೆಯಿರಿ. ಕೆರೆಯಲ್ಲಿ ಸ್ನಾನ ಮಾಡಿದ ಎರಡು ವಾರಗಳೊಳಗೆ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ, ಸ್ನಾನದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. 2024ರಲ್ಲಿ ಕೇರಳದಲ್ಲಿ 14 ವರ್ಷದ ಹುಡುಗನೊಬ್ಬ ಬೇಗ ಚಿಕಿತ್ಸೆ ಸಿಕ್ಕಿದ್ದರಿಂದ ಬದುಕಿ ಉಳಿದ.

ಮನೆಯಿಂದ ಕೆರೆಗೆ ಹೋಗುವ ಕೊಳೆ

ಕೆರೆಯ ಸುತ್ತ ನೂರು ಮನೆಗಳಿದ್ದರೆ, ಪ್ರತಿಯೊಂದು ಮನೆಯೂ "ನಮ್ಮದು ಒಂದು ಬಕೆಟ್ ನೀರು ತಾನೆ" ಎಂದುಕೊಂಡರೆ, ದಿನಕ್ಕೆ ನೂರು ಬಕೆಟ್ ಆಗುತ್ತದೆ. ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ ಇದೆ.

ಬಟ್ಟೆ ಒಗೆಯುವ ಕಲ್ಲನ್ನು ಕೆರೆಯ ಮೆಟ್ಟಿಲಿನಿಂದ ದೂರಕ್ಕೆ ತನ್ನಿ. ನೀರು ಹೊತ್ತು ತಂದು ಒಗೆಯಿರಿ, ಆ ನೀರು ಬಾಳೆ, ತೆಂಗಿನ ಬುಡಕ್ಕೆ ಹೋಗಲಿ. ಪುಟ್ಟ ಮಕ್ಕಳ ಮಲದ ಬಟ್ಟೆಯನ್ನು ಕೆರೆಯಲ್ಲಿ ಜಾಲಾಡಿಸುವುದನ್ನು ಪೂರ್ತಿ ನಿಲ್ಲಿಸಬೇಕು. ಮಕ್ಕಳ ಮಲದಿಂದ ತೊಂದರೆಯಿಲ್ಲ ಎಂಬ ಭಾವನೆ ತಪ್ಪು. ರೋಗಾಣುಗಳು ಅದರಲ್ಲೂ ಇರುತ್ತವೆ. ಮಲವನ್ನು ಶೌಚಾಲಯಕ್ಕೆ ಹಾಕಿ, ನಂತರ ಬಟ್ಟೆ ತೊಳೆಯಿರಿ.

ಶೌಚದ ಗುಂಡಿ ಬಾವಿಯಿಂದಲೂ ಕೆರೆಯಿಂದಲೂ ಕನಿಷ್ಠ 15 ಮೀಟರ್ ದೂರ ಇರಬೇಕು. ಮುರಕಲ್ಲಿನ ನೆಲದಲ್ಲಿ, ಗುಂಡಿ ಎತ್ತರದಲ್ಲಿದ್ದು ಬಾವಿ ತಗ್ಗಿನಲ್ಲಿದ್ದರೆ, ಇನ್ನೂ ಹೆಚ್ಚು ದೂರ ಬೇಕು. ಹೊಸ ಮನೆ ಕಟ್ಟುವಾಗ ನಮ್ಮ ಬಾವಿಯನ್ನು ಮಾತ್ರ ನೋಡಿದರೆ ಸಾಲದು, ಪಕ್ಕದ ಮನೆಯ ಬಾವಿಯನ್ನೂ ನೋಡಬೇಕು. ನೆರೆಯವರ ಹಕ್ಕಿನ ಬಗ್ಗೆ ನಾವು ಕೇಳುವ ಪ್ರವಚನಗಳಿಗೆ ಅರ್ಥ ಬರುವುದು ಇಂಥ ಕಡೆ.

ಅಡಿಕೆ ತೋಟ ಇರುವವರು ಬೋರ್ಡೋ ದ್ರಾವಣ ಸಿಂಪಡಿಸಿದ ಪಂಪು, ಡ್ರಮ್ಮುಗಳನ್ನು ಕೆರೆಯಲ್ಲಿ ತೊಳೆಯಬಾರದು. ಅದರಲ್ಲಿರುವ ಮೈಲುತುತ್ತು ತಾಮ್ರದ ಲವಣ. ಮೀನಿಗೂ ಕಪ್ಪೆಮರಿಗೂ ಅದು ವಿಷ. ಆಟೋ, ಬೈಕ್‌ಗಳನ್ನು ಕೆರೆಯ ದಂಡೆಯಲ್ಲಿ ತೊಳೆದರೆ ಎಣ್ಣೆ ನೀರಿನ ಮೇಲೆ ಹರಡಿ ಗಾಳಿ ಬೆರೆಯುವುದಕ್ಕೆ ಅಡ್ಡಿಯಾಗುತ್ತದೆ.

ಪುಣ್ಯವೆಂದು ತಿಳಿದು ಮೀನಿಗೆ ಅನ್ನ, ಬ್ರೆಡ್ ಹಾಕುವವರಿದ್ದಾರೆ. ಮೀನು ತಿಂದು ಮಿಕ್ಕದ್ದು ತಳದಲ್ಲಿ ಕೊಳೆಯುತ್ತದೆ. ಕೆರೆಯ ಮೀನಿಗೆ ಕೆರೆಯಲ್ಲೇ ಆಹಾರ ಇದೆ. ಮದುವೆಮನೆಯ ಉಳಿಕೆಯನ್ನಂತೂ ಕೆರೆಗೆ ಸುರಿಯುವುದು ಇಸ್ರಾಫ್‌ನ ಮೇಲೆ ಇನ್ನೊಂದು ತಪ್ಪು.

ಬಕ್ರೀದ್ ದಿನದ ಎಚ್ಚರ

ಖುರ್ಬಾನಿ ಆರಾಧನೆ. ಅದರ ತ್ಯಾಜ್ಯ ಮತ್ತೊಬ್ಬರಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವುದು ಆ ಆರಾಧನೆಯ ಶಿಸ್ತು. ಈಗಿನ ವರ್ಷಗಳಲ್ಲಿ ಬಕ್ರೀದ್ ಬೇಸಿಗೆಯ ಕೊನೆಗೆ, ಮಳೆಯ ಮುಂಚೆಗೆ ಬರುತ್ತಿದೆ. ಆಗ ಕೆರೆಯಲ್ಲಿ ನೀರು ಅತಿ ಕಡಿಮೆ ಇರುತ್ತದೆ. ರಕ್ತ, ಕರುಳಿನ ಒಳಗಿನ ವಸ್ತು ತೋಡಿಗೆ ಹೋದರೆ ಮೊದಲ ಮಳೆಗೆ ಎಲ್ಲವೂ ಒಟ್ಟಿಗೆ ಕೆರೆಗೆ ಇಳಿಯುತ್ತದೆ. ಕೊಳೆಯುವಾಗ ಆಮ್ಲಜನಕವನ್ನು ರಕ್ತದಷ್ಟು ಬೇಗ ಖಾಲಿ ಮಾಡುವ ವಸ್ತುಗಳು ಕಡಿಮೆ.

ಮಸೀದಿ ಸಮಿತಿ ಹಬ್ಬಕ್ಕೆ ಒಂದು ವಾರ ಮೊದಲೇ ಜಾಗ ಗೊತ್ತುಮಾಡಲಿ. ಬಾವಿ, ಕೆರೆ, ತೋಡಿನಿಂದ 30 ಮೀಟರಿಗಿಂತ ದೂರದಲ್ಲಿ, ನೀರು ಒಸರದ ಎತ್ತರದ ಜಾಗದಲ್ಲಿ ಗುಂಡಿ ತೋಡಿಸಲಿ. ರಕ್ತವೂ ಕರುಳೂ ಗುಂಡಿಗೇ ಹೋಗಲಿ. ಪ್ರತಿ ಸಲ ಹಾಕಿದ ಮೇಲೆ ಸುಣ್ಣ, ಅದರ ಮೇಲೆ ಮಣ್ಣು. ಕೊನೆಗೆ ಎರಡು ಅಡಿ ದಪ್ಪ ಮಣ್ಣು ಮುಚ್ಚಿದರೆ ನಾಯಿ ಕೆದಕುವುದಿಲ್ಲ. ನಗರದಲ್ಲಿ ಗುಂಡಿಗೆ ಜಾಗ ಇಲ್ಲದಿದ್ದರೆ ನಗರಸಭೆ, ಪಂಚಾಯತ್ ಜೊತೆ ಮೊದಲೇ ಮಾತಾಡಿ ವಾಹನದ ಏರ್ಪಾಡು ಮಾಡಬೇಕು. ಕೋಳಿ ಮತ್ತು ಮಾಂಸದ ಅಂಗಡಿ ನಡೆಸುವ ನಮ್ಮ ಸಹೋದರರಿಗೆ ಇದು ವರ್ಷಕ್ಕೊಂದು ದಿನದ ಮಾತಲ್ಲ, ದಿನನಿತ್ಯದ ಹೊಣೆ.

ಜಮಾಅತ್ ಏನು ಮಾಡಬಹುದು?

ಕೆರೆ ಸ್ವಚ್ಛತೆ ಎಂದ ಕೂಡಲೇ ಯುವಕರು ಹಾರೆ, ಬುಟ್ಟಿ ಹಿಡಿದು ಬರುತ್ತಾರೆ. ಒಂದು ಭಾನುವಾರ ಪಾಚಿ ತೆಗೆದು ಫೋಟೋ ತೆಗೆದು ಹೋಗುತ್ತಾರೆ. ಎರಡು ತಿಂಗಳಲ್ಲಿ ಪಾಚಿ ಮತ್ತೆ ಬರುತ್ತದೆ. ಕೆಲಸದ ಕ್ರಮ ತಲೆಕೆಳಗಾದದ್ದೇ ಇದಕ್ಕೆ ಕಾರಣ. ಮಂಗಳೂರಿನ ಗುಜ್ಜರಕೆರೆಯನ್ನು ಹೂಳೆತ್ತಿ, ಸುತ್ತ ಕಟ್ಟೆ ಕಟ್ಟಿ, ನಡಿಗೆಯ ದಾರಿ ಮಾಡಿದ ಮೇಲೂ ಒಳಚರಂಡಿ ನೀರು ಸೇರುತ್ತಿದೆ ಎಂಬ ದೂರು ನಿಲ್ಲಲಿಲ್ಲ. ಒಳಗೆ ಬರುವುದನ್ನು ನಿಲ್ಲಿಸದೆ ಒಳಗಿರುವುದನ್ನು ತೆಗೆದರೆ ಪ್ರಯೋಜನ ಕಡಿಮೆ.

ಮೊದಲು ಜೋರು ಮಳೆ ಬರುವ ಒಂದು ದಿನ ನಾಲ್ಕೈದು ಮಂದಿ ಕೊಡೆ ಹಿಡಿದು ಕೆರೆಯ ಸುತ್ತ, ಮೇಲಿನ ಗುಡ್ಡದವರೆಗೆ ನಡೆಯಿರಿ. ಯಾವ ಮನೆಯ, ಯಾವ ಅಂಗಡಿಯ, ಯಾವ ರಸ್ತೆಯ ನೀರು ಎಲ್ಲಿಂದ ಒಳಗೆ ಬರುತ್ತದೆ ಎಂದು ಕಾಗದದಲ್ಲಿ ಗುರುತು ಮಾಡಿ. ಬೇಸಿಗೆಯಲ್ಲಿಯೂ ಒಮ್ಮೆ ನೋಡಿ. ಮಳೆ ಇಲ್ಲದ ದಿನವೂ ನೀರು ಬರುತ್ತಿರುವ ಚರಂಡಿ ಇದ್ದರೆ ಅದರಲ್ಲಿರುವುದು ಬಚ್ಚಲು ಅಥವಾ ಶೌಚದ ನೀರು.

ಎರಡನೆಯದಾಗಿ ಆ ಬಾಯಿಗಳನ್ನು ಒಂದೊಂದಾಗಿ ಬೇರೆ ಕಡೆ ತಿರುಗಿಸಿ. ಮನೆಗಳಿಗೆ ಇಂಗುಗುಂಡಿ ಮಾಡಿಸಿ. ಬಡ ಮನೆಯೊಂದಕ್ಕೆ ಸರಿಯಾದ ಶೌಚದ ಗುಂಡಿ ಕಟ್ಟಿಸಿಕೊಡುವುದು ಕೆರೆಗೆ ಮಾಡುವ ದೊಡ್ಡ ಉಪಕಾರ, ಆ ಮನೆಗೆ ಸದಕಾ. ಮಸೀದಿಯ ವುಝೂ ನೀರು ಕೂಡ ಕೆರೆಗೆ ಮರಳದೆ ತೆಂಗು, ಬಾಳೆಗೆ ಹೋಗಲಿ.

ಮೂರನೆಯದಾಗಿ ರಸ್ತೆಯ ಮಳೆನೀರು ಬರುವ ಕಡೆ ಒಂದು ಸಣ್ಣ ಮಡುಗುಂಡಿ ಮಾಡಿ. ಮಣ್ಣು, ಪ್ಲಾಸ್ಟಿಕ್ ಅದರಲ್ಲಿ ತಂಗುತ್ತದೆ, ವರ್ಷಕ್ಕೊಮ್ಮೆ ತೆಗೆಯಬಹುದು. ದಂಡೆಯ ಮೇಲ್ಭಾಗದಲ್ಲಿ ನಾಲ್ಕೈದು ಮೀಟರ್ ಅಗಲಕ್ಕೆ ಲಾವಂಚ, ಹುಲ್ಲು ಬೆಳೆಸಿ. ದಂಡೆಯನ್ನು ಪೂರ್ತಿ ಕಾಂಕ್ರೀಟ್ ಮಾಡಿದರೆ ಚಂದ ಕಾಣಬಹುದು, ಆದರೆ ಕೊಳೆಯನ್ನು ಹಿಡಿದಿಡುವ ಹುಲ್ಲೂ ಕಪ್ಪೆಗೆ ಜಾಗವೂ ಹೋಗುತ್ತದೆ.

ಇಷ್ಟಾದ ಮೇಲೆ ಕಳೆ ಮತ್ತು ಹೂಳಿನ ಸರದಿ. ಅಂತರಗಂಗೆಯನ್ನು ಹೂ ಬಿಡುವ ಮೊದಲೇ ಎತ್ತಬೇಕು, ಅದರ ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಎತ್ತಿದ್ದನ್ನು ದಂಡೆಯಲ್ಲೇ ರಾಶಿ ಹಾಕಿದರೆ ಕೊಳೆತ ರಸ ಮರಳಿ ಕೆರೆಗೇ ಇಳಿಯುತ್ತದೆ. ದೂರ ಒಯ್ದು ಗೊಬ್ಬರ ಮಾಡಿ. ಕಳೆನಾಶಕ ಹೊಡೆಯಬೇಡಿ. ಸತ್ತ ಕಳೆ ನೀರಿನಲ್ಲೇ ಕೊಳೆತು ಮೀನುಗಳನ್ನು ಕೊಲ್ಲುತ್ತದೆ.

ಕೆರೆಯ ಸುತ್ತ ಇರುವವರೆಲ್ಲ ಮುಸ್ಲಿಮರೇ ಆಗಿರಬೇಕಾಗಿಲ್ಲ. ನೀರು ಯಾರ ಬಾವಿಗೆ ಹೋಗಬೇಕೆಂದು ಧರ್ಮ ಕೇಳುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ನೆರೆಯ ಎಲ್ಲ ಮನೆಯವರನ್ನೂ ಪಂಚಾಯತ್ ಸದಸ್ಯರನ್ನೂ ಆರೋಗ್ಯ ಕಾರ್ಯಕರ್ತೆಯರನ್ನೂ ಆರಂಭದಿಂದಲೇ ಸೇರಿಸಿ. ಅಂಗಡಿ, ಕಾರ್ಖಾನೆಯ ಕೊಳಚೆ ಬರುತ್ತಿದ್ದು ಮಾತಿನಿಂದ ನಿಲ್ಲದಿದ್ದರೆ, 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಎಲ್ಲರೂ ಸೇರಿ ಲಿಖಿತ ದೂರು ಕೊಡಬಹುದು.

ಮಕ್ಕಳ ಸುರಕ್ಷೆಯನ್ನೂ ಮರೆಯಬಾರದು. ಆಳ ತೋರಿಸುವ ಫಲಕ, ಒಂದು ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬ್ ದಂಡೆಯಲ್ಲಿ ಸದಾ ಇರಲಿ. ದೊಡ್ಡವರು ಜೊತೆಗಿಲ್ಲದೆ ಮಕ್ಕಳು ನೀರಿಗೆ ಇಳಿಯಬಾರದು.

ಹೌಝ್ ಮತ್ತು ಬಾವಿಗೆ ಕ್ಲೋರಿನ್

ಬ್ಲೀಚಿಂಗ್ ಪೌಡರನ್ನು ಕೆರೆಗೆ ಸುರಿಯಬಾರದು. ಅದು ಮೀನುಗಳನ್ನು ಕೊಂದು ಕೆಲವೇ ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಹಾಕಬೇಕಾದದ್ದು ಬಾವಿಗೆ ಮತ್ತು ಹೌಝಿಗೆ.

ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. 4 ಮೀಟರ್ ಉದ್ದ, 3 ಮೀಟರ್ ಅಗಲ, 1 ಮೀಟರ್ ಆಳದ ಹೌಝಿನಲ್ಲಿ 12,000 ಲೀಟರ್ ನೀರು ಇರುತ್ತದೆ. ಅದಕ್ಕೆ 30 ಗ್ರಾಂ ಬೇಕು. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಅದಕ್ಕೆ 70 ಗ್ರಾಂ. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮತ್ತೆ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಬಾವಿಗೆ ಬಿಟ್ಟು ಬಕೆಟಿನಿಂದ ಕದಡಿ. ಇಶಾ ನಂತರ ಹಾಕಿದರೆ ಬೆಳಗ್ಗೆ ಬಳಸಬಹುದು. ಕಡಿಮೆ ಎಂದರೂ ಒಂದು ಗಂಟೆ ಬಿಡಬೇಕು. ತೇವ ತಗಲಿದ ಹಳೆಯ ಪುಡಿಗೆ ಶಕ್ತಿ ಇರುವುದಿಲ್ಲ. ಕುಡಿಯುವ ನೀರನ್ನು ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸುವುದನ್ನು ಬಿಡಬೇಡಿ.

ಹೌಝಿಗೆ ಕೈ ಅದ್ದುವ ಮೊದಲು ಕೈ ತೊಳೆಯುವುದು, ನಿದ್ದೆಯಿಂದ ಎದ್ದವರು ಕೈ ತೊಳೆಯದೆ ಪಾತ್ರೆಗೆ ಅದ್ದದಿರುವುದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡುವುದು, ಎಲ್ಲವೂ ನಮಗೆ ಹದೀಸಿನಿಂದಲೇ ಬಂದಿವೆ. ಹೌಝಿನಿಂದ ಮಗ್ಗಿನಲ್ಲಿ ತೆಗೆದು ಅಥವಾ ನಳ್ಳಿಯಿಂದ ವುಝೂ ಮಾಡುವ ವ್ಯವಸ್ಥೆ ಇನ್ನೂ ಉತ್ತಮ. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಲೀಟರಿಗಿಂತ ಕಡಿಮೆ ನೀರಿನಲ್ಲಿ ವುಝೂ ಪೂರೈಸುತ್ತಿದ್ದರು ಎಂಬುದನ್ನು ನಳ್ಳಿ ತಿರುಗಿಸುವಾಗ ನೆನಪಿಡೋಣ.

ನೀರನ್ನು ಪರೀಕ್ಷಿಸಿ

ಕೆರೆಯ ನಾಡಿ ಹಿಡಿಯಲು ಸುಲಭದ ದಾರಿಯೊಂದಿದೆ. ಒಂದು ಬಿಳಿ ತಟ್ಟೆಗೆ ಭಾರ ಕಟ್ಟಿ, ಅಳತೆ ಗುರುತು ಮಾಡಿದ ಹಗ್ಗದಿಂದ ನೀರಿಗೆ ಇಳಿಸಿ. ತಟ್ಟೆ ಕಣ್ಣಿಗೆ ಕಾಣದಾಗುವ ಆಳವನ್ನು ಬರೆದಿಡಿ. ವಾರ ವಾರಕ್ಕೆ ಆ ಆಳ ಕಡಿಮೆಯಾಗುತ್ತಿದ್ದರೆ ಪಾಚಿ ಅಥವಾ ಮಣ್ಣು ಹೆಚ್ಚುತ್ತಿದೆ. ಮದ್ರಸದ ಮಕ್ಕಳು ಉಸ್ತಾದರ ಜೊತೆ ಪ್ರತಿ ವಾರ ಇದನ್ನು ಮಾಡಿ, ನೀರಿನ ಬಣ್ಣ, ವಾಸನೆ, ಸತ್ತ ಮೀನುಗಳ ಲೆಕ್ಕ ಸೇರಿಸಿ ಪುಸ್ತಕದಲ್ಲಿ ದಾಖಲಿಸಲಿ.

ರೋಗಾಣುಗಳನ್ನು ತಿಳಿಯಲು ಪ್ರಯೋಗಾಲಯ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದ ಪ್ರಕಾರ ಹೊರಾಂಗಣ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ 500 ಮೀರಬಾರದು. ಲೀಟರಿಗೆ ಕರಗಿದ ಆಮ್ಲಜನಕ 5 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ರೋಗಾಣು ಒಂದೂ ಇರಬಾರದು. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಿ ಕಿಟ್ ಕೊಡುವ ಯೋಜನೆ ಇದೆ. ಗ್ರಾಮ ಪಂಚಾಯತಿನಲ್ಲಿ ವಿಚಾರಿಸಿ. ನಮ್ಮ ಸಹೋದರಿಯರೂ ಆ ತರಬೇತಿಗೆ ಮುಂದೆ ಬರಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಮಸೀದಿಯ ಬಾವಿಯನ್ನು ಪರೀಕ್ಷಿಸಿ ವರದಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಯಾರಿಗೂ ಹೆಚ್ಚು ಹೇಳಬೇಕಾಗುವುದಿಲ್ಲ.

ನೀರಿನ ಸದಕಾ

ಮದೀನಾದಲ್ಲಿ ನೀರಿಗೆ ಬೆಲೆ ತೆರಬೇಕಾಗಿದ್ದಾಗ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟರು. ಸಅದ್ ಬಿನ್ ಉಬಾದಾ(ರ) ತೀರಿಹೋದ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರು. ನಮ್ಮ ನಾಡಿನಲ್ಲೇ ನೋಡಿದರೆ, ವಿಜಯಪುರದ ತಾಜ್ ಬಾವಡಿ 1620ರ ಸುಮಾರಿಗೆ ಎದ್ದಿತು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯಲ್ಲಿ ಗಂಜ್ ಎಂಬ ನೀರಿನ ಗೋಪುರಗಳಿದ್ದವು. ಅವು ನೀರಿನ ಒತ್ತಡ ತಗ್ಗಿಸುತ್ತಿದ್ದವು, ಮಣ್ಣು ಅವುಗಳ ತಳದಲ್ಲಿ ತಂಗುತ್ತಿತ್ತು. ನೀರು ಕೊಟ್ಟರೆ ಸಾಲದು, ಶುದ್ಧ ನೀರು ಕೊಡಬೇಕು ಎಂಬ ಎಚ್ಚರ ಅವರಿಗಿತ್ತು.

ಇಂದು ನಾವು ಹೊಸ ಕೆರೆ ತೋಡಿಸಬೇಕಾಗಿಲ್ಲ. ಇರುವುದನ್ನು ಕೆಡದಂತೆ ಮುಂದಿನವರಿಗೆ ಒಪ್ಪಿಸಿದರೆ ಸಾಕು. ಅದಕ್ಕೆ ದೊಡ್ಡ ಹಣ ಬೇಡ. ಈ ಶುಕ್ರವಾರ ಜುಮುಆ ಮುಗಿದ ಮೇಲೆ ಐದು ಮಂದಿ ನಿಂತು ಮಾತಾಡಿ, ಕೆರೆಗೆ ಬರುವ ಚರಂಡಿಗಳನ್ನು ಎಣಿಸುವ ದಿನ ನಿಗದಿ ಮಾಡಿ. ಮನೆಯಲ್ಲಿ ಒಗೆಯುವ ಕಲ್ಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಇವತ್ತೇ ನೋಡಿ. ಅದು ಕೆರೆಯ ಕಡೆ ಹರಿಯುತ್ತಿದ್ದರೆ ಒಂದು ಗುದ್ದಲಿ ತೆಗೆದುಕೊಂಡು ಬಾಳೆಯ ಬುಡದ ಕಡೆ ತಿರುಗಿಸಿ.